ಪ್ರೋಟಿಯೇಸ್ ಹಾಕದ ಟ್ಯೂಬನ್ನು ಮೊದಲು ನೋಡಿ

ಧಾರವಾಡದಲ್ಲಿ ಎಂಎಸ್ಸಿ ಮಕ್ಕಳಿಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಫೇಜ್ ಅಂದರೆ ಬ್ಯಾಕ್ಟೀರಿಯಾಗೆ ಸೋಂಕು ತರುವ ವೈರಸ್; ಅದರ ಮೈಮೇಲೆ ಪ್ರೋಟೀನ್ ತುಂಡು ಕಾಣಿಸುವ ವಿಧಾನ ಫೇಜ್ ಡಿಸ್‌ಪ್ಲೇ ನನಗೆ ತುಂಬಾ ಇಷ್ಟದ ಪಾಠ.

ಬ್ಯಾಕ್ಟೀರಿಯಾದ ಪ್ರೋಟಿಯೇಸ್, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವ, ಸಿಕ್ಕ ಸಿಕ್ಕಲ್ಲಿ ಬಾಯಿ ಹಾಕುವುದಿಲ್ಲ. ಸ್ಟ್ಯಾಫಿಲೊಕಾಕಸ್‌ನ ವಿ8 ಪ್ರೋಟಿಯೇಸ್ ಗ್ಲುಟಾಮೇಟ್ ಎಂಬ ಅಮೈನೊ ಆಮ್ಲ (ಪ್ರೋಟೀನ್ ಸರದ ಒಂದು ಮಣಿ) ಆದ ಮೇಲೆ ಕತ್ತರಿಸುತ್ತದೆ. ಇ. ಕೋಲೈ ಹೊರಪೊರೆಯ ಓಂಪ್‌ಟಿಗೆ ಆರ್ಜಿನಿನ್, ಲೈಸಿನ್ ಜೋಡಿ ಇಷ್ಟ, ಅವೆರಡರ ನಡುವೆ ಕತ್ತರಿ. ಹೊಸ ಪ್ರೋಟಿಯೇಸ್ ಕೈಗೆ ಬಂದರೆ ಅದರ ರುಚಿ ತಿಳಿಯುವುದು ಹೇಗೆ? ಆರು ಅಮೈನೊ ಆಮ್ಲಗಳ ತುಂಡುಗಳೇ 6 ಕೋಟಿ 40 ಲಕ್ಷ ಬಗೆ ಇವೆ. ಒಂದೊಂದನ್ನೇ ಮಾಡಿಸಿ ನೋಡೋದು ಆಗದ ಮಾತು.

ಜೀನನ್ನು ಫೇಜ್ ಒಳಗೆ ಸೇರಿಸಿದರೆ ಅದರ ಪ್ರೋಟೀನ್ ತುಂಡು ಫೇಜ್‌ನ ಮೈಮೇಲೆ ಕಾಣುತ್ತದೆ ಎಂದು 1985ರಲ್ಲಿ ಜಾರ್ಜ್ ಸ್ಮಿತ್ ತೋರಿಸಿದರು. 2018ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. 1993ರಲ್ಲಿ ಮ್ಯಾಥ್ಯೂಸ್ ಮತ್ತು ವೆಲ್ಸ್ ಇದನ್ನು ಪ್ರೋಟಿಯೇಸ್‌ಗೆ ಹೊಂದಿಸಿದರು. ಒಂದೊಂದು ಫೇಜ್ ಮೈಮೇಲೆ ಒಂದೊಂದು ಬಗೆಯ ತುಂಡು. ಗೂಟಕ್ಕೆ ಹಗ್ಗ ಕಟ್ಟಿದ ಹಾಗೆ ಫೇಜನ್ನು ಆ ತುಂಡಿನ ತುದಿಯಿಂದ ಗಟ್ಟಿಯಾಗಿ ಹಿಡಿಸುತ್ತಾರೆ. ಪ್ರೋಟಿಯೇಸ್ ತುಂಡನ್ನು ಕಡಿದರೆ ಫೇಜ್ ಬಿಡಿಸಿಕೊಂಡು ದ್ರವಕ್ಕೆ ಬರುತ್ತದೆ. ಅದನ್ನು ಇ. ಕೋಲೈನಲ್ಲಿ ಬೆಳೆಸಿ ಮತ್ತೆ ಅದೇ ಪರೀಕ್ಷೆ. ಫೇಜ್‌ನ ಸ್ವಂತ ಪ್ರೋಟೀನನ್ನೇ ಪ್ರೋಟಿಯೇಸ್ ಕಡಿಯುವುದಿಲ್ಲ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಬೇಕು.

ಎಷ್ಟು ಫೇಜ್ ಬಂತೆಂದು ಪ್ಲೇಟ್ ಎಣಿಸುವಾಗ ಕಿಟಕಿ ಬೆಳಕಿಗೆ ಹಿಡಿಯಿರಿ. ನಾವು ಬಳಸುವ ಎಂ13 ಫೇಜ್ ಬ್ಯಾಕ್ಟೀರಿಯಾವನ್ನು ಒಡೆಯುವುದಿಲ್ಲ, ಅದರ ಬೆಳವಣಿಗೆ ನಿಧಾನ ಮಾಡುತ್ತದೆ ಅಷ್ಟೇ. ಅದಕ್ಕೇ ಪ್ಲಾಕ್‌ಗಳು (ಬ್ಯಾಕ್ಟೀರಿಯಾ ಹಾಸಿನಲ್ಲಿ ಫೇಜ್ ಬಿಡುವ ಕಲೆಗಳು) ಮಬ್ಬು ಮಬ್ಬು, ಅವಸರದಲ್ಲಿ ನೋಡಿದರೆ ಕಾಣುವುದೇ ಇಲ್ಲ.

ಹೀಗೆ ಎಣಿಸುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಪ್ರೋಟಿಯೇಸ್ ಹಾಕಲಾರ್ದ ಟ್ಯೂಬ್‌ನ್ಯಾಗೂ ಇಷ್ಟು ಫೇಜ್ ಬಂದಾವಲ್ರೀ?" ನನಗೆ ಬೇಕಾಗಿದ್ದೇ ಆ ಪ್ರಶ್ನೆ. ಸರಿಯಾಗಿ ಅಂಟದ ಫೇಜ್ ಸುಮ್ನೆ ತೊಳೆದು ಬರುತ್ತದೆ. ಜೋರಾಗಿ ಬೆಳೆಯುವ ಫೇಜ್ ಪ್ರತಿ ಸುತ್ತಿನಲ್ಲೂ ಜಾಸ್ತಿಯಾಗುತ್ತಾ ಹೋಗುತ್ತದೆ, ಕತ್ತರಿಸಿಕೊಳ್ಳದಿದ್ದರೂ. ಪ್ರೋಟಿಯೇಸ್ ಇಲ್ಲದ ಟ್ಯೂಬನ್ನೂ ಅಷ್ಟೇ ಸುತ್ತು ನಡೆಸಿ ಎರಡರ ಸೀಕ್ವೆನ್ಸ್ (ತುಂಡಿನ ಅಮೈನೊ ಆಮ್ಲಗಳ ಸಾಲು) ಪಕ್ಕಪಕ್ಕ ಇಟ್ಟು ನೋಡದಿದ್ದರೆ ಗೆದ್ದದ್ದು ಯಾವುದು ಅಂತ ಹೇಳಲಾಗದು. ಖರ್ಚು ಉಳಿಸಲು ಇದನ್ನು ಬಿಡುವುದನ್ನು ನಾನು ಒಪ್ಪುವುದೇ ಇಲ್ಲ.

ಇನ್ನೊಂದು ಮಾತು. ತುಂಡು ಕತ್ತರಿಸಿಕೊಂಡಿದೆ ಎಂದು ಸೀಕ್ವೆನ್ಸ್ ಹೇಳುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ಆ ತುಂಡಿನ ಪೆಪ್ಟೈಡ್ (ಅಮೈನೊ ಆಮ್ಲಗಳ ಚಿಕ್ಕ ಸರ) ಮಾಡಿಸಿ, ಪ್ರೋಟಿಯೇಸ್ ಜೊತೆ ಇಟ್ಟು, ಚೂರುಗಳ ತೂಕವನ್ನು ಮಾಸ್ ಸ್ಪೆಕ್ ಯಂತ್ರದಲ್ಲಿ ನೋಡಬೇಕು. ಆ ಹುಡುಗಿಯ ತುಂಡಿನಲ್ಲಿ ಮೂರು ಆರ್ಜಿನಿನ್ ಸಾಲಾಗಿ ಇವೆ, ಕತ್ತರಿ ಯಾವುದರ ಬಳಿ ಬಿತ್ತೋ ಗೊತ್ತಿಲ್ಲ. ಪೆಪ್ಟೈಡ್‌ಗೆ ಆರ್ಡರ್ ಕೊಟ್ಟಿದ್ದೇವೆ.