ಮಂಗಳವಾರ ಏನೇನು ಮಾಡಿದೆಯಮ್ಮ?

ಜೂನ್ 14, 2025, ಶನಿವಾರ, ರಾತ್ರಿ

ಸಿಇಟಿ ರ‍್ಯಾಂಕ್ ಬಂದ ಮೇಲೆ ಪುಟ್ಟಿಯೊಂದಿಗೆ ನಾನು ನೋಡಿದ ಮೂರನೆಯ ಎಂಜಿನಿಯರಿಂಗ್ ಕಾಲೇಜು ಇವತ್ತಿನದು. ತೋರಿಸಲು ಬಂದವಳು ನಾಲ್ಕನೆಯ ಸೆಮಿಸ್ಟರಿನ, ಶಿರಸಿ ಕಡೆಯ ಹುಡುಗಿ. ಜೊತೆಗಿದ್ದ ತಂದೆಯೊಬ್ಬರು "ಪ್ಲೇಸ್‌ಮೆಂಟ್ ಚೆನ್ನಾಗಿದೆಯೇ?" ಎಂದರು, ಇನ್ನೊಬ್ಬರು "ಲ್ಯಾಬ್ ಚೆನ್ನಾಗಿದೆಯೇ?" ಎಂದರು. ಎರಡಕ್ಕೂ "ತುಂಬಾ ಚೆನ್ನಾಗಿದೆ ಸರ್" ಎಂಬ ಉತ್ತರವೇ ಬಂತು. ಕಾಲೇಜಿನ ಸಿಬ್ಬಂದಿ ಪಕ್ಕದಲ್ಲೇ ನಿಂತಿರುವಾಗ ಆ ಮಗು ಬೇರೆ ಏನು ಹೇಳೀತು?

ಮೆಟ್ಟಿಲು ಇಳಿಯುವಾಗ ನಾವು ಮೂವರೇ ಆದೆವು. "ಈ ಮಂಗಳವಾರ ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದೆಯಮ್ಮ?" ಎಂದು ಕೇಳಿದೆ. ಅವಳು ಕೊರಳಿನ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತ ಸ್ವಲ್ಪ ಹೊತ್ತು ಯೋಚಿಸಿದಳು. ಹಾಸ್ಟೆಲಿನಲ್ಲಿ ಜಾಗ ಸಿಗದೆ ಪಿಜಿಯಲ್ಲಿರುವುದು, ಎರಡು ಬಸ್ಸು ಹಿಡಿದು ಬರುವುದು, ಶೇ. 85ರ ಹಾಜರಾತಿ ತಪ್ಪಬಾರದೆಂದು ಜ್ವರದಲ್ಲೂ ಕ್ಲಾಸಿಗೆ ಬಂದು ಕುಳಿತದ್ದು, ಸರ್ಕ್ಯೂಟ್ ಜೋಡಿಸಿ ನೋಡುವ ಒಂದು ಬ್ರೆಡ್‌ಬೋರ್ಡಿಗೆ ನಾಲ್ವರಾದ್ದರಿಂದ ಇಬ್ಬರು ವೈರ್ ಜೋಡಿಸುವಾಗ ಉಳಿದಿಬ್ಬರು ರೆಕಾರ್ಡ್ ಬರೆಯುವುದು, ಸಂಜೆ ಗಣಿತದ ಮೇಡಂ ತಾವಾಗಿಯೇ ಉಳಿದು ಅರ್ಥವಾಗದ್ದನ್ನು ಮತ್ತೆ ಹೇಳಿಕೊಡುವುದು, ಎಲ್ಲವೂ ಒಂದೊಂದಾಗಿ ಬಂತು. ಮೇಡಂ ವಿಷಯ ಹೇಳುವಾಗ ಅವಳ ಮುಖ ಅರಳಿತು. ಆ ಲ್ಯಾಬಿನ ವಿಷಯ ನನಗೆ ಚಿಂತೆ ಹಚ್ಚಿದೆ, ಆ ಮೇಡಂ ವಿಷಯ ಧೈರ್ಯ ಕೊಟ್ಟಿದೆ.

ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇಗೆ ಹೋದಾಗಲೂ ಹೀಗೆಯೇ ಆಗಿತ್ತು. "ಇದು ಏನು ಮಾಡುತ್ತದೆ?" ಎಂದಾಗ ಎರಡೇ ವಾಕ್ಯ ಹೇಳಿದ್ದ ಸಂಶೋಧನಾ ವಿದ್ಯಾರ್ಥಿ, "ಇದು ಕೈಕೊಟ್ಟಾಗ ಏನು ಮಾಡುತ್ತೀರಿ?" ಎಂದೊಡನೆ ಉಪಕರಣದ ಮುಚ್ಚಳವನ್ನೇ ತೆಗೆದು ತೋರಿಸಿದ್ದ.

ಪ್ಲೇಸ್‌ಮೆಂಟಿನ ಬಗ್ಗೆಯೂ ನಿಮ್ಮ ಬ್ರಾಂಚಿನಲ್ಲಿ ಎಷ್ಟು ಮಂದಿ ಹೆಸರು ಕೊಟ್ಟಿದ್ದರು, ಎಷ್ಟು ಮಂದಿಗೆ ಕೆಲಸವಾಯಿತು ಎಂದೇ ಕೇಳಬೇಕು. ಫ್ಲೆಕ್ಸಿನಲ್ಲಿ ಹಾಕುವ ಗರಿಷ್ಠ ಸಂಬಳ ಯಾರೋ ಒಬ್ಬರದು. ಸಂಬಳದ ಪ್ರಕಾರ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವರಿಗೆ ಎಷ್ಟು ಸಿಕ್ಕಿತು ಎಂಬುದು ನಮ್ಮಂಥವರಿಗೆ ಬೇಕಾದ ಲೆಕ್ಕ. ಶಿರಸಿ ಕಡೆಯ ಆ ಹುಡುಗಿಗೆ ಅದು ತಿಳಿದಿರಲಿಲ್ಲ. ಎಂಟನೆಯ ಸೆಮಿಸ್ಟರಿನ ಅಕ್ಕನೊಬ್ಬಳನ್ನು ಕೇಳಿ ಹೇಳುತ್ತೇನೆಂದು ಪುಟ್ಟಿಯ ನಂಬರ್ ಬರೆದುಕೊಂಡಳು.

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಪುಟ್ಟಿ ಗೇಟಿನ ಹತ್ತಿರ, "ಅಕ್ಕಾ, ಇಂಟರ್ನಲ್ಸ್‌ನಲ್ಲಿ ತುಂಬಾ ಕಡಿಮೆ ಬಂದರೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳಬಹುದು?" ಎಂದಳು. ನಾನು ಬೇಕೆಂದೇ ಹಿಂದೆ ಉಳಿದೆ. ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಬಸ್ಸಿನಲ್ಲಿ ಅವಳು ಏನನ್ನೂ ಹೇಳಲಿಲ್ಲ. ಈಗ ಹನ್ನೊಂದೂವರೆ, ಅವಳ ಕೋಣೆಯ ದೀಪ ಇನ್ನೂ ಉರಿಯುತ್ತಿದೆ, ಹೋಗಿ ಕೇಳಲೋ ಅಥವಾ