ಫ್ಯಾನ್ ತಿರುಗುತ್ತಿತ್ತು, ಎಂಜಿನ್ ಕಾಯುತ್ತಿತ್ತು

ಬೇರೊಬ್ಬರು ತಮ್ಮ ಇಷ್ಟದಂತೆ ಬದಲಾಯಿಸಿಟ್ಟ ಬೈಕನ್ನು ಕೊಂಡರೆ, ಅವರು ಎಲ್ಲಿಯೂ ಬರೆದಿಡದ ಕೆಲಸಗಳನ್ನೂ ಅದರೊಡನೆ ಕೊಂಡಂತಾಗುತ್ತದೆ. 600 ಸಿಸಿಯ, ನಾಲ್ಕು ಸಿಲಿಂಡರಿನ ನನ್ನ ಸ್ಪೋರ್ಟ್ ಬೈಕ್ ನನ್ನ ಕೈಗೆ ಬರುವ ಹೊತ್ತಿಗೆ ಎಂಜಿನಿನಿಂದ ಹೊಗೆ ಹೊರಬರುವ ಹೆಡರ್ ಪೈಪಿನಿಂದ ಸೈಲೆನ್ಸರಿನವರೆಗೆ ಇಡೀ ಎಕ್ಸಾಸ್ಟ್ ಬದಲಾಗಿತ್ತು, ಎಂಜಿನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನಲ್ಲಿ ಪೆಟ್ರೋಲಿನ ಲೆಕ್ಕವಿಡುವ ಹೊಸ ಮ್ಯಾಪ್ ಕೂತಿತ್ತು, ಕಂಪನಿಯ ಫೇರಿಂಗ್ (ಬೈಕಿನ ಮೈಹೊದಿಕೆ) ಹೋಗಿ ರೇಸಿಗೆ ಬಳಸುವ ಫೈಬರ್ ಫೇರಿಂಗ್ ಬಂದಿತ್ತು. ಇವುಗಳ ಜೊತೆಗೆ, ರೇಡಿಯೇಟರ್ ಫ್ಯಾನನ್ನು ಬೇಕೆಂದಾಗ ಓಡಿಸಲು ಹ್ಯಾಂಡಲ್ ಪಕ್ಕದಲ್ಲಿ ಒಂದು ಪ್ರತ್ಯೇಕ ಸ್ವಿಚ್ಚೂ ಇತ್ತು. ಹಳೆಯ ಮಾಲೀಕರು ಹೆಮ್ಮೆಯಿಂದ ಹೇಳಿದ ಮಾತೊಂದು ಈಗಲೂ ನೆನಪಿದೆ: ‘ಬೇರೆ ಬೈಕುಗಳ ಹಾಗಲ್ಲ, ಇದರ ಬಿಸಿ ಕಾಲಿಗೆ ತಾಗುವುದೇ ಇಲ್ಲ.’ ಫೇರಿಂಗಿನ ಗುಣವಿರಬೇಕೆಂದು ನಾನೂ ಸಂತೋಷಪಟ್ಟಿದ್ದೆ.

ಆದರೆ ಆ ಬೈಕ್ ನಿಂತಲ್ಲೇ ವಿಪರೀತ ಕಾಯುತ್ತಿತ್ತು. ಅದರ ಕಾರಣ ಹುಡುಕಲು ಮೊದಲಿಗೆ, ಎಷ್ಟು ಬಿಸಿ ಸಹಜ ಎಂಬುದನ್ನು ತಿಳಿದಿರಬೇಕು. ನೀರಿನಿಂದ ತಂಪಾಗುವ ಇಂಥ ಎಂಜಿನುಗಳಲ್ಲಿ ಥರ್ಮೋಸ್ಟಾಟ್ (ಕಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ತೆರೆದುಕೊಳ್ಳತೊಡಗುತ್ತದೆ, ಫ್ಯಾನ್ 100ರಿಂದ 105ರ ಆಸುಪಾಸಿನಲ್ಲಿ ಶುರುವಾಗುತ್ತದೆ. ಆದ್ದರಿಂದ ನಿಂತಲ್ಲಿ ಮೀಟರ್ 102 ತೋರಿಸಿದರೆ ಅದು ರೋಗವಲ್ಲ. ರೇಡಿಯೇಟರ್ ಮುಚ್ಚಳ ಸುಮಾರು 1.1 ಬಾರ್ ಒತ್ತಡ ಹಿಡಿದಿಡುವುದರಿಂದ ಒಳಗಿನ ನೀರು 120 ಡಿಗ್ರಿ ತಲುಪುವವರೆಗೂ ಕುದಿಯುವುದಿಲ್ಲ, ಕೂಲೆಂಟ್ ಮತ್ತು ನೀರನ್ನು ಸಮಪಾಲಿನಲ್ಲಿ ಬೆರೆಸಿದ್ದರೆ ಆ ಮಿತಿ ಇನ್ನೂ ಮೇಲಕ್ಕೆ ಹೋಗುತ್ತದೆ. ನನ್ನ ಬೈಕಿನಲ್ಲಿ ಆಗುತ್ತಿದ್ದುದು ಬೇರೆ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿದರೆ 103ಕ್ಕೆ ಫ್ಯಾನ್ ಸದ್ದು ಮಾಡುತ್ತ ಶುರುವಾಗುತ್ತಿತ್ತು, ಆದರೂ ಅಂಕಿ 108, 111 ಎಂದು ಏರುತ್ತಲೇ ಇರುತ್ತಿತ್ತು, 114ರ ಹೊತ್ತಿಗೆ ರಿಸರ್ವ್ ಟ್ಯಾಂಕಿನ ಪೈಪಿನಿಂದ ಕೂಲೆಂಟ್ ಗುಳುಗುಳು ಎಂದು ಹೊರಬಂದು ನೆಲಕ್ಕೆ ಚೆಲ್ಲುತ್ತಿತ್ತು.

ಅದನ್ನು ನೋಡಿದ ಮೆಕ್ಯಾನಿಕ್ ಒಬ್ಬರು, ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳಿಗೂ ಅವುಗಳ ಮೇಲಿನ ಹೆಡ್ಡಿಗೂ ನಡುವಿನ ಸೀಲ್) ಹೋಗಿದೆ, ಎಂಜಿನ್ ಬಿಚ್ಚಬೇಕು ಎಂದರು. ಆ ಅನುಮಾನ ತೀರ ನಿರಾಧಾರವೇನೂ ಆಗಿರಲಿಲ್ಲ. ಗ್ಯಾಸ್ಕೆಟ್ ಸೋರಿದರೆ ದಹನದ ಅನಿಲ ಕೂಲೆಂಟಿಗೆ ನುಗ್ಗಿ ಅದನ್ನು ಹೊರದೂಡುತ್ತದೆ. ಆದರೆ ಹಾಗಿದ್ದರೆ ಎಂಜಿನ್ ಹೆಚ್ಚು ದುಡಿದಷ್ಟೂ ತೊಂದರೆ ಹೆಚ್ಚಬೇಕು, ಎತ್ತರದ ಗೇರಿನಲ್ಲಿ ಥ್ರಾಟಲ್ ತುಂಬ ತಿರುವಿದಾಗ ಅಂಕಿ ಮೇಲಕ್ಕೆ ಹಾರಬೇಕು. ನನ್ನ ಬೈಕ್ 80 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ಓಡಿದರೂ 83 ಡಿಗ್ರಿಯಲ್ಲಿ ಅಲುಗಾಡದೆ ಕೂತಿರುತ್ತಿತ್ತು. ವೇಗದಲ್ಲಿ ತಂಪಾಗಿದ್ದು ನಿಂತಾಗ ಕಾಯುವ ಎಂಜಿನಿನಲ್ಲಿ ಪಂಪ್, ಥರ್ಮೋಸ್ಟಾಟ್, ರೇಡಿಯೇಟರಿನ ಒಳನಾಳಗಳು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ, ಕೊರತೆ ಇರುವುದು ಗಾಳಿಯಲ್ಲಿ. ಶುರುಮಾಡಿದ ಕೆಲವೇ ನಿಮಿಷಗಳಲ್ಲಿ ಎಂಜಿನ್ ವಿಪರೀತ ಕಾದು, ರೇಡಿಯೇಟರ್ ಮಾತ್ರ ತಣ್ಣಗೆ ಉಳಿದಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆಯೆಂದೋ ಒಳಗೆ ಗಾಳಿ ಸಿಕ್ಕಿಕೊಂಡಿದೆಯೆಂದೋ ಊಹಿಸಬಹುದು. ಹೀಗೆ, ಎಷ್ಟು ಡಿಗ್ರಿ ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ದೊಡ್ಡ ಸುಳಿವು.

ಇಷ್ಟೆಲ್ಲ ತರ್ಕ ಈಗ ಸಲೀಸಾಗಿ ಬರೆಯುತ್ತಿದ್ದೇನೆಯೇ ಹೊರತು, ಆಗ ನಾನು ಮಾಡಿದ್ದು ಕೈಗೆ ಸಿಕ್ಕಿದ್ದನ್ನೆಲ್ಲ ಬದಲಾಯಿಸುವ ಕೆಲಸವನ್ನೇ. ಕೂಲೆಂಟ್ ಬದಲಿಸಿದೆ. ಮುಂದಿನ ಚಕ್ರವನ್ನು ಎತ್ತರಿಸಿ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಶುರುಮಾಡಿ ಹೋಸ್ ಪೈಪುಗಳನ್ನು ಹಿಸುಕುತ್ತ ಒಳಗಿನ ಗಾಳಿ ಹೊರಡಿಸಿದೆ. (ಕಾದ ಎಂಜಿನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡ ಇಳಿದ ತಕ್ಷಣ ಒಳಗಿನ ನೀರು ಕುದಿದು ಮುಖಕ್ಕೇ ಎರಚುತ್ತದೆ.) ಥರ್ಮೋಸ್ಟಾಟನ್ನು ಬಿಚ್ಚಿ, ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿದೆ. ಅದು ಸರಿಯಾದ ಹೊತ್ತಿಗೆ ತೆರೆದುಕೊಂಡಿತು. ಇವುಗಳಿಂದ ಸಿಕ್ಕ ಒಂದೇ ಫಲವೆಂದರೆ ಮುಚ್ಚಳದ ರಬ್ಬರ್ ಸೀಲ್ ಗಟ್ಟಿಯಾಗಿ ಬಿರುಕುಬಿಟ್ಟಿದ್ದು ಕಂಡದ್ದು. 114ಕ್ಕೇ ಕೂಲೆಂಟ್ ಹೊರಬರುತ್ತಿದ್ದುದಕ್ಕೆ ಅದೇ ಕಾರಣ. ಹೊಸ ಮುಚ್ಚಳ ಹಾಕಿದ ಮೇಲೆ ಚೆಲ್ಲುವುದು ನಿಂತಿತು, ಕಾಯುವುದು ನಿಲ್ಲಲಿಲ್ಲ.

ಬದಲಾಯಿಸಿದ ಬೈಕ್ ಕಾದರೆ ಎಲ್ಲರೂ ಮೊದಲು ಬೊಟ್ಟುಮಾಡುವುದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದ ಕಡೆಗೆ: ಎಕ್ಸಾಸ್ಟ್ ಬದಲಾಗಿದೆ, ಪೆಟ್ರೋಲ್ ಕಡಿಮೆ ಬೀಳುತ್ತಿದೆ, ಲೀನ್ ಆಗಿದೆ ಎಂದು. ಈ ಮಾತಿಗೆ ಅದರ ಯೋಗ್ಯತೆಗಿಂತ ಹೆಚ್ಚು ಮನ್ನಣೆ ಸಿಗುತ್ತಿದೆ ಎಂದು ನನ್ನ ಅಭಿಪ್ರಾಯ. ಮಿಶ್ರಣ ತೆಳುವಾದರೆ ಎಂಜಿನ್ ಎಳೆಯುವಾಗ ತಡವರಿಸುತ್ತದೆ, ಥ್ರಾಟಲ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತದೆ, ತುಂಬ ಲೋಡಿನಲ್ಲಿ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಆಗಿ ಪಿಸ್ಟನ್ನಿಗೇ ಅಪಾಯವಾಗಬಹುದು. ಆದರೆ ನಿಂತಲ್ಲಿ ಐಡ್ಲಿಂಗ್‌ನಲ್ಲಿ ಎಂಜಿನ್ ಸುಡುವ ಪೆಟ್ರೋಲೇ ಅತ್ಯಲ್ಪವಾಗಿರುವಾಗ, ಆ ಬಿಸಿಯನ್ನು ಆರೋಗ್ಯವಂತ ಫ್ಯಾನೊಂದು ಹೊರಹಾಕಲಾರದಷ್ಟು ವ್ಯತ್ಯಾಸವನ್ನು ಮ್ಯಾಪ್ ಒಂದೇ ತರುವುದು ಕಷ್ಟ.

ಫ್ಯಾನಿನ ಪರೀಕ್ಷೆಯನ್ನು ನಾನು ಮಾಡಿಯೇ ಇದ್ದೆ, ಮಾಡಿದೆನೆಂದು ನಂಬಿದ್ದೆ. ಫ್ಯೂಸ್ ಸರಿ, ರಿಲೇ ಸರಿ, ಫ್ಯಾನ್ ಜೋರಾಗಿ ತಿರುಗುತ್ತಿದೆ. ವೈರಿನ ಬಣ್ಣ ನೋಡಿಕೊಂಡು ಕನೆಕ್ಟರಿನಲ್ಲಿ ಮಲ್ಟಿಮೀಟರ್ ಹಿಡಿದಾಗ 13.2 ವೋಲ್ಟ್ ಬಂದಿತ್ತು. ಅಂಕಿಯ ಎಡಕ್ಕೆ ಒಂದು ಪುಟ್ಟ ಮೈನಸ್ ಗೆರೆಯೂ ಇತ್ತು. ಕೆಂಪು ಪ್ರೋಬನ್ನು ಕಪ್ಪಿನ ಜಾಗಕ್ಕೆ ಹಿಡಿದಿರಬೇಕೆಂದುಕೊಂಡು, ಗೆರೆಯನ್ನು ಬಿಟ್ಟು 13.2 ಎಂಬುದನ್ನಷ್ಟೇ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಉತ್ತರ ಆ ಗೆರೆಯಲ್ಲೇ ಇತ್ತು.

ಕೊನೆಗೆ ದಾರಿ ತೋರಿಸಿದ್ದು ಹಳೆಯ ಮಾಲೀಕರು ಹಾಕಿಸಿದ್ದ ಸ್ವಿಚ್. ಒಂದು ಬೆಳಿಗ್ಗೆ ಖಾಲಿ ರಸ್ತೆಯಲ್ಲಿ 35 ಕಿಲೋಮೀಟರ್ ವೇಗವನ್ನು ಒಂದೇ ಸಮನೆ ಹಿಡಿದು ಹೋಗುತ್ತಿದ್ದೆ, ಮೀಟರ್ 92ರಲ್ಲಿ ನಿಂತಿತ್ತು. ಇನ್ನಷ್ಟು ತಂಪಾಗಲಿ ಎಂದು ಸ್ವಿಚ್ ಒತ್ತಿದೆ. ಎರಡು ನಿಮಿಷಗಳಲ್ಲಿ ಅಂಕಿ 97ಕ್ಕೆ ಏರಿತು. ಆರಿಸಿದೆ, ನಿಧಾನವಾಗಿ 92ಕ್ಕೆ ಮರಳಿತು. ಕಾಕತಾಳೀಯ ಇರಬಹುದೆಂದು ಮತ್ತೆ ಒತ್ತಿದೆ, ಮತ್ತೆ ಏರಿತು. ಫ್ಯಾನ್ ಓಡಿದಾಗ ಎಂಜಿನ್ ಕಾಯುತ್ತದೆ, ನಿಂತಾಗ ತಣಿಯುತ್ತದೆ ಎಂಬುದು ಅರ್ಥವಾಗದೆ ಹೋದರೂ, ನನಗೆ ಬೇಕಾಗಿದ್ದ ಸಾಕ್ಷಿ ಅದೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಮನೆಗೆ ಬಂದು ಬೈಕನ್ನು ಸ್ಟ್ಯಾಂಡಿಗೆ ಹಾಕಿ ಫ್ಯಾನ್ ಓಡಿಸಿ, ಅಂಗೈ ಅಗಲದ ಒಂದು ಕಾಗದದ ಚೂರನ್ನು ಮುಂದಿನ ಚಕ್ರ ಮತ್ತು ರೇಡಿಯೇಟರ್ ನಡುವೆ ಹಿಡಿದೆ. ಅದು ಒಳಕ್ಕೆ ಸೆಳೆದುಕೊಂಡು ರೇಡಿಯೇಟರಿನ ಜಾಲಕ್ಕೆ ಅಂಟಿಕೊಳ್ಳಬೇಕಿತ್ತು. ಅಂಟಿಕೊಳ್ಳಲಿಲ್ಲ, ನನ್ನ ಬೆರಳಿನಿಂದ ತಪ್ಪಿಸಿಕೊಂಡು ಮಡ್‌ಗಾರ್ಡಿನ ಮೇಲೆ ಹೋಗಿ ಬಿತ್ತು. ಅದೇ ಜಾಗಕ್ಕೆ ಕೈ ಒಡ್ಡಿದರೆ ಬಿಸಿ ಗಾಳಿ ಮುಂದಕ್ಕೆ ಬೀಸುತ್ತಿತ್ತು.

ಫ್ಯಾನ್ ಉಲ್ಟಾ ತಿರುಗುತ್ತಿತ್ತು. ಅದರ ಮೋಟಾರ್ ಸಾಧಾರಣ ಡಿಸಿ ಬ್ರಶ್ ಮೋಟಾರ್, ಅದರ ಪ್ಲಸ್ ಮತ್ತು ಮೈನಸ್ ಅದಲುಬದಲಾದರೆ ಫ್ಯೂಸ್ ಹಾರುವುದಿಲ್ಲ, ಹೊಗೆ ಬರುವುದಿಲ್ಲ, ಅದು ಹಿಂದುಮುಂದಾಗಿ ತಿರುಗುತ್ತದೆ ಅಷ್ಟೇ. ಸ್ವಿಚ್ ಹಾಕಿಸುವಾಗ ಯಾರೋ ಮೋಟಾರಿನ ಕನೆಕ್ಟರಿಗೆ ಬರುವ ವೈರುಗಳನ್ನು ಕತ್ತರಿಸಿ, ಮತ್ತೆ ಹೊಸೆದು, ಮೇಲೆ ಇನ್ಸುಲೇಶನ್ ಟೇಪ್ ಸುತ್ತಿದ್ದರು. ಟೇಪ್ ಬಿಚ್ಚಿ ನೋಡಿದರೆ, ಕಪ್ಪು ವೈರ್ ನೀಲಿಗೂ ನೀಲಿ ಕಪ್ಪಿಗೂ ಸೇರಿಕೊಂಡಿದ್ದವು. ಫ್ಯಾನಿನ ರೆಕ್ಕೆಗಳ ಬಾಗು ಒಂದೇ ದಿಕ್ಕಿಗೆ ಹೇಳಿಮಾಡಿಸಿದ್ದಾದ್ದರಿಂದ ಉಲ್ಟಾ ತಿರುಗಿದಾಗ ಬರುವ ಗಾಳಿಯೇ ಕಡಿಮೆ, ಆ ಗಾಳಿಯೂ ಬರುತ್ತಿದ್ದುದು ರೇಡಿಯೇಟರಿನ ಬೆನ್ನಿಗೇ ಇರುವ ಕಾದ ಹೆಡರ್ ಪೈಪುಗಳ ಕಡೆಯಿಂದ. ನಿಧಾನವಾಗಿ ಚಲಿಸುವಾಗ ಎದುರಿನ ಗಾಳಿಯೂ ಫ್ಯಾನಿನ ಗಾಳಿಯೂ ಒಂದನ್ನೊಂದು ತಳ್ಳುತ್ತ, ನಡುವೆ ರೇಡಿಯೇಟರಿಗೆ ಬಹುತೇಕ ಏನೂ ದಕ್ಕುತ್ತಿರಲಿಲ್ಲ. ವೇಗ ಹೆಚ್ಚಿದಾಗ ಅಂಕಿ ಇಳಿದು ಫ್ಯಾನ್ ತಾನಾಗಿ ನಿಲ್ಲುತ್ತಿತ್ತು, ಹಾಗಾಗಿ ಎಲ್ಲವೂ ಸರಿಯಿದ್ದಂತೆ ಕಾಣುತ್ತಿತ್ತು.

ವೈರುಗಳನ್ನು ಬಿಡಿಸಿ, ಬೆಸುಗೆ ಹಾಕಿ ಮರುಜೋಡಿಸಲು ಇಪ್ಪತ್ತು ನಿಮಿಷ ಹಿಡಿಯಿತು. ಈಗ ನಿಂತಲ್ಲಿ 103ಕ್ಕೆ ಫ್ಯಾನ್ ಶುರುವಾಗುತ್ತದೆ, 97ಕ್ಕೆ ಇಳಿದು ಆರುತ್ತದೆ, ಮತ್ತೆ ಅದೇ ಸುತ್ತು. ರೇಸ್ ಫೇರಿಂಗಿನ ಹೊಟ್ಟೆಭಾಗ ಮುಚ್ಚಿಕೊಂಡಿರುವುದರಿಂದ ಬಿಸಿ ಗಾಳಿ ಹೊರಹೋಗಲು ಇನ್ನೂ ಸ್ವಲ್ಪ ತಿಣುಕುತ್ತದೆ. ಅಲ್ಲಿ ಎರಡು ಕಿಂಡಿ ಕೊರೆಯುವ ಯೋಚನೆಯಿದೆ, ಆದರೆ ಅದಕ್ಕೆ ಅವಸರವಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಎರಡೂ ಮೊಣಕಾಲುಗಳಿಗೆ ಬಿಸಿ ಗಾಳಿ ಚೆನ್ನಾಗಿಯೇ ತಾಗುತ್ತದೆ.