ಹಿಂಡಿಯ ಪ್ರೋಟೀನ್ ಅಂಕಿಯೂ ಕೋಳಿಗೆ ದಕ್ಕುವ ಲೈಸಿನ್ನೂ

ಹಿಂಡಿಯ ವ್ಯಾಪಾರದಲ್ಲಿ ಇಂದಿಗೂ ಹೆಚ್ಚಿನ ಮಾತುಕತೆ ನಡೆಯುವುದು ಪ್ರೋಟೀನಿನ ಶೇಕಡಾವಾರಿನ ಮೇಲೆಯೇ. ಶೇ. 45 ಪ್ರೋಟೀನಿನ ಶೇಂಗಾ ಹಿಂಡಿಯು ಅಷ್ಟೇ ಪ್ರೋಟೀನಿನ ಸೋಯಾ ಹಿಂಡಿಗಿಂತ ಅಗ್ಗವಾಗಿ ಸಿಕ್ಕರೆ ಅದನ್ನೇ ಕೊಳ್ಳುವುದು ಜಾಣತನವೆಂದು ಬಾಯ್ಲರ್ ಕೋಳಿ ಸಾಕುವ ಅನೇಕರು ತಿಳಿಯುತ್ತಾರೆ. ಆದರೆ ಪ್ರಯೋಗಾಲಯದಲ್ಲಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಬಂದ ಮೊತ್ತಕ್ಕೆ ಕಚ್ಚಾ ಪ್ರೋಟೀನ್ ಎಂಬ ಹೆಸರು. ಹಿಂಡಿಗೆ ಯೂರಿಯಾ ಬೆರೆಸಿದರೂ ಈ ಅಂಕಿ ಏರುತ್ತದೆ. ದನದ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳಿಗಾದರೂ ಯೂರಿಯಾದಿಂದ ಉಪಯೋಗವುಂಟು, ಕೋಳಿಗೆ ಏನೂ ಇಲ್ಲ.

ಕೋಳಿಗೆ ಬೇಕಾದುದು ಪ್ರೋಟೀನನ್ನು ಕಟ್ಟುವ ಘಟಕಗಳಾದ ಅಮೈನೋ ಆಮ್ಲಗಳು (ಲೈಸಿನ್, ಮೆಥಿಯೋನಿನ್ ಮುಂತಾದವು), ಅದೂ ಒಂದು ನಿರ್ದಿಷ್ಟ ಅನುಪಾತದಲ್ಲಿ. ಎಳೆಯ ಮರಿಗಳಿಗೆ ಕೊಡುವ ಒಂದು ಟನ್ ಸ್ಟಾರ್ಟರ್ ಆಹಾರದಲ್ಲಿ 580 ಕಿಲೊ ಮೆಕ್ಕೆಜೋಳ ಮತ್ತು 360 ಕಿಲೊ ಸೋಯಾ ಹಿಂಡಿ ಇದೆಯೆಂದುಕೊಳ್ಳೋಣ. ಮೆಕ್ಕೆಜೋಳದಿಂದ ಸುಮಾರು 1 ಕಿಲೊ, ಸೋಯಾದಿಂದ 2.2 ಕಿಲೊ, ಹೀಗೆ ಒಟ್ಟು 3.3 ಕಿಲೊದಷ್ಟು ಮೆಥಿಯೋನಿನ್ ದೊರೆಯುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯು 1994ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಮೊದಲ ಮೂರು ವಾರಗಳ ಮರಿಗೆ ಟನ್ ಆಹಾರದಲ್ಲಿ 5 ಕಿಲೊ ಇರಬೇಕು; ಇಂದಿನ ತಳಿಗಳು ಆ ಪಟ್ಟಿಯ ಕಾಲದ ಕೋಳಿಗಳಿಗಿಂತ ಬಹಳ ವೇಗವಾಗಿ ಬೆಳೆಯುವುದರಿಂದ ಅವುಗಳ ಅಗತ್ಯ ಇನ್ನೂ ಹೆಚ್ಚು. ಈ ಕೊರತೆಯನ್ನು ಹಿಂಡಿಯಿಂದಲೇ ತುಂಬಲು ಹೊರಟರೆ ಬೇಡದ ಅಮೈನೋ ಆಮ್ಲಗಳೂ ರಾಶಿಯಾಗಿ ಬರುತ್ತವೆ, ಮತ್ತು ಕೋಳಿ ಅವುಗಳ ಸಾರಜನಕವನ್ನು ಯೂರಿಕ್ ಆಮ್ಲವಾಗಿ ಹೊರಹಾಕುತ್ತದೆ. ಲಿಟರ್ (ನೆಲಕ್ಕೆ ಹಾಸಿದ ಹೊಟ್ಟು) ಒದ್ದೆಯಾಗುವುದಕ್ಕೂ ಶೆಡ್ಡಿನಲ್ಲಿ ಅಮೋನಿಯಾ ಕಣ್ಣಿಗೆ ಹೊಡೆಯುವುದಕ್ಕೂ ಇದೊಂದು ಮುಖ್ಯ ಕಾರಣ. ಅದರ ಬದಲು ಟನ್ನಿಗೆ ಎರಡು ಕಿಲೊಗಿಂತ ಕಡಿಮೆ ಡಿಎಲ್-ಮೆಥಿಯೋನಿನ್ ಹಾಕಿದರೆ ಆ ಲೆಕ್ಕ ತೀರುತ್ತದೆ.

ಇದನ್ನು "ಕೆಮಿಕಲ್" ಎಂದು ಹೆದರುವವರೂ ಇದ್ದಾರೆ. ಮೆಥಿಯೋನಿನ್ ರಾಸಾಯನಿಕ ಕ್ರಿಯೆಯಿಂದ ತಯಾರಾಗುವುದು ನಿಜ; ಅದರಲ್ಲಿ ಕನ್ನಡಿ ಬಿಂಬಗಳಂತಿರುವ ಡಿ ಮತ್ತು ಎಲ್ ಎಂಬ ಎರಡು ರೂಪಗಳಿದ್ದು, ಅರ್ಧಭಾಗವಾದ ಡಿ ರೂಪವನ್ನು ಕೋಳಿಯು ತನ್ನ ಕಿಣ್ವಗಳ ನೆರವಿನಿಂದ ಎಲ್ ರೂಪಕ್ಕೆ ತಿರುಗಿಸಿಕೊಂಡು ಬಳಸುತ್ತದೆ. ಲೈಸಿನ್ನಿಗೆ ಈ ಅನುಕೂಲ ಇಲ್ಲದಿರುವುದರಿಂದ ಅದನ್ನು ಬ್ಯಾಕ್ಟೀರಿಯಾಗಳ ಹುದುಗುವಿಕೆಯ ಮೂಲಕ ಎಲ್ ರೂಪದಲ್ಲಿಯೇ ತಯಾರಿಸುತ್ತಾರೆ.

ಈಗ ಅಗ್ಗದ ಶೇಂಗಾ ಹಿಂಡಿಗೆ ಬರೋಣ. ನೂರು ಕಿಲೊ ಸೋಯಾ ಹಿಂಡಿ ತೆಗೆದು ಅಷ್ಟೇ ಶೇಂಗಾ ಹಿಂಡಿ ಹಾಕಿದರೆ ಪ್ರೋಟೀನ್ ಅಂಕಿ ಕದಲುವುದಿಲ್ಲ, ಆದರೆ ಸುಮಾರು ಒಂದೂಕಾಲು ಕಿಲೊ ಲೈಸಿನ್ ಕಡಿಮೆಯಾಗುತ್ತದೆ. ಆಹಾರಕ್ಕೆ ಬೆರೆಸಲು ಬಳಸುವ ಲೈಸಿನ್ ಹೈಡ್ರೋಕ್ಲೋರೈಡಿನಲ್ಲಿ ಲೈಸಿನ್ ಅಂಶ ಶೇ. 78ರಷ್ಟಿರುವುದರಿಂದ ಆ ಕೊರತೆಗೆ 1.6 ಕಿಲೊ ಬೇಕು. ಅದರ ಬೆಲೆಯನ್ನು ಸೇರಿಸಿದ ಮೇಲೂ ಶೇಂಗಾ ಅಗ್ಗವೆನಿಸಿದರೆ ಮಾತ್ರ ಅದು ಅಗ್ಗ. ಇಷ್ಟಕ್ಕೂ ಶೇಂಗಾದಲ್ಲಿ ಅರ್ಜಿನಿನ್ ಹೇರಳವಾಗಿದ್ದು, ಅರ್ಜಿನಿನ್ ಮತ್ತು ಲೈಸಿನ್ ಒಂದನ್ನೊಂದು ಕಾಡುವ ಜೋಡಿಯಾಗಿರುವುದರಿಂದ, ಕಾಗದದ ಲೆಕ್ಕಕ್ಕಿಂತ ತುಸು ಹೆಚ್ಚೇ ಲೈಸಿನ್ ಕೊಡುವುದು ಕ್ಷೇಮ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಮಟ್ಟಿಗೆ ಮಾತ್ರ ಯಾವ ಅಮೈನೋ ಆಮ್ಲವೂ ಉತ್ತರವಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಆ ವಿಷ ಪತ್ತೆಯಾದದ್ದೇ ಆ ಘಟನೆಯ ಬೆನ್ನಲ್ಲಿ. ಪರೀಕ್ಷಾ ವರದಿ ಇಲ್ಲದ ಶೇಂಗಾ ಹಿಂಡಿಯನ್ನು ಮರಿಗಳಿಗೆ ನಾನಂತೂ ಹಾಕುವುದಿಲ್ಲ.

ಸೂರ್ಯಕಾಂತಿ ಹಿಂಡಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಲೈಸಿನ್ ಕಡಿಮೆ, ಸಿಪ್ಪೆಯ ನಾರು ಜಾಸ್ತಿ. ಹತ್ತಿಕಾಳು ಹಿಂಡಿಯಲ್ಲಿರುವ ಗಾಸಿಪಾಲ್ ಎಂಬ ಸಹಜ ವಿಷವಸ್ತು ಲೈಸಿನ್ನಿಗೆ ಅಂಟಿಕೊಂಡು ಅದು ಜೀರ್ಣವಾಗದಂತೆ ಮಾಡುತ್ತದೆ.

ಸೋಯಾ ಹಿಂಡಿಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಹಸಿ ಸೋಯಾದಲ್ಲಿ ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಕಿಣ್ವದ ಕೆಲಸವನ್ನು ತಡೆಯುವ ಅಂಶವಿದ್ದು, ಅದನ್ನು ಕಾಯಿಸಿ ನಾಶಪಡಿಸಬೇಕು. ಕಾಯಿಸುವುದು ಅತಿಯಾದರೆ ಲೈಸಿನ್ ಸಕ್ಕರೆಯೊಂದಿಗೆ ಬೆಸೆದುಕೊಂಡು ಕೋಳಿಗೆ ದಕ್ಕದಂತಾಗುತ್ತದೆ. ಸೋಯಾದ ಯೂರಿಯೇಸ್ ಎಂಬ ಕಿಣ್ವ ಎಷ್ಟು ಉಳಿದಿದೆಯೆಂದು ನೋಡುವ ಪರೀಕ್ಷೆಯು ಸಾಕಷ್ಟು ಬೇಯದ ಹಿಂಡಿಯನ್ನು ಹಿಡಿಯುತ್ತದೆಯೇ ಹೊರತು ಹೆಚ್ಚು ಬೆಂದದ್ದನ್ನು ಹಿಡಿಯುವುದಿಲ್ಲ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಪ್ರೋಟೀನ್ ಎಷ್ಟು ಕರಗುತ್ತದೆಂದು ನೋಡಬೇಕು, ಶೇ. 70ಕ್ಕಿಂತ ಕೆಳಗಿಳಿದ ಹಿಂಡಿ ಸುಟ್ಟಿದೆಯೆಂದೇ ಲೆಕ್ಕ.

2021ರಲ್ಲಿ ಸೋಯಾ ಹಿಂಡಿಯ ಬೆಲೆ ಕೆಲವೇ ತಿಂಗಳಲ್ಲಿ ದುಪ್ಪಟ್ಟು ಮೀರಿ, ಕೇಂದ್ರ ಸರ್ಕಾರ ಆಗಸ್ಟಿನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ನೀಡಬೇಕಾಯಿತು. ಇಂಥ ಸಮಯದಲ್ಲಿ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್ ಈ ಮೂರು ಅಮೈನೋ ಆಮ್ಲಗಳನ್ನೂ ಸೇರಿಸಿ ಕಚ್ಚಾ ಪ್ರೋಟೀನನ್ನು ಶೇಕಡಾ ಒಂದೆರಡು ಅಂಶ ಇಳಿಸುವುದು ಸಾಧ್ಯ. ಅದಕ್ಕಿಂತ ಕೆಳಗೆ ಹೋದರೆ ವ್ಯಾಲಿನ್, ಐಸೊಲ್ಯೂಸಿನ್, ಅರ್ಜಿನಿನ್, ಗ್ಲೈಸಿನ್ ಎಂಬ ಅಮೈನೋ ಆಮ್ಲಗಳ ಕೊರತೆಗಳು ಸರದಿಯಲ್ಲಿ ಕಾಣಿಸಿಕೊಳ್ಳುತ್ತವೆ. ಸೋಯಾ ಕಡಿಮೆಯಾದಂತೆ ಪೊಟ್ಯಾಸಿಯಂ ಇಳಿಯುತ್ತದೆ, ಲೈಸಿನ್ ಹೈಡ್ರೋಕ್ಲೋರೈಡ್ ಹೆಚ್ಚಿದಂತೆ ಕ್ಲೋರೈಡ್ ಏರುತ್ತದೆ. ಆದ್ದರಿಂದ ಸೂತ್ರ ಬದಲಿಸುವಾಗ ಉಪ್ಪಿನ ಒಂದು ಪಾಲನ್ನು ತೆಗೆದು, ಕ್ಲೋರೈಡ್ ಇಲ್ಲದೆ ಸೋಡಿಯಂ ಕೊಡುವ ಅಡುಗೆ ಸೋಡಾ ಹಾಕಬೇಕು.